ಮೀನುಬೇಟೆಯ ವಿಲಾಸನೌಕೆಯೂ ನಮ್ಮ ಹರಿಗೋಲೂ

ಕಳೆದ ವರ್ಷ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಮೇರಿಕೆಯ ಮೂಡಣ ಕರಾವಳಿಯಿಂದ ನಮಗೊಂದು ಕಾಗದವನ್ನೂ ಅದರ ಸಂಗಡ ಕೆಲವು ಚಿತ್ರಗಳನ್ನೂ ಕಳುಹಿಸಿದಳು. ಅವಳ ತವರು ನವಲಗುಂದದ ಸಮೀಪದ ಒಂದು ಹಳ್ಳಿ. ಗಂಡನ ಉದ್ಯೋಗದ ನಿಮಿತ್ತವಾಗಿ ಈಗ ಆ ದೂರದೇಶದಲ್ಲಿ ಮನೆ ಹೂಡಿರುವಳು. ಅಲ್ಲಿಯ ಗೃಹಸ್ಥರೊಬ್ಬರು ಇವರ ಕುಟುಂಬವನ್ನು ಒಂದು ದಿವಸ ತಮ್ಮ ಸ್ವಂತ ನೌಕೆಯಲ್ಲಿ ಸಮುದ್ರಕ್ಕೆ ಕರೆದುಕೊಂಡು ಹೋಗಿದ್ದರಂತೆ. ಅರುವತ್ತು ಅಡಿ ಉದ್ದದ ಆ ನೌಕೆಯಲ್ಲಿ ಮಲಗುವ ಕೋಣೆಗಳು, ಅಡಿಗೆಮನೆ, ತಂಪುಗಾಳಿಯ ಯಂತ್ರ, ಬರ್ಫ ಮಾಡುವ ಯಂತ್ರ, ಎಲ್ಲವೂ ಇದ್ದವಂತೆ. ಅಷ್ಟು ಸಿರಿಯ ನೌಕೆಯನ್ನು ಕಟ್ಟಿಸಿದ್ದು ಗಾಳದಿಂದ ಮೀನು ಹಿಡಿಯುವ ಆಟಕ್ಕಾಗಿ. ಅಂದು ಒಂದು ದೊಡ್ಡ ಮೀನು ಗಾಳಕ್ಕೆ ಸಿಕ್ಕಿತು. ಒಂದು ತಾಸು ಹೋರಾಡಿ ಅದನ್ನು ನೌಕೆಯ ಬದಿಗೆ ತಂದರು. ಆಮೇಲೆ ಗಾಳವನ್ನು ಬಿಡಿಸಿ ನೀರಿಗೇ ಬಿಟ್ಟರು.

ಈ ಚಿತ್ರಗಳನ್ನು ನಾವು ಎಂಟನೆಯ ಇಯತ್ತೆಯ ಹುಡುಗಿಯರಿಗೆ ತೋರಿಸಿದಾಗ ಅಣ್ಣಿಗೇರಿಯ ಒಬ್ಬ ಹುಡುಗಿ ಎದ್ದು ನಿಂತು, "ಅಕ್ಕೋರ, ಇಷ್ಟು ರೊಕ್ಕಾ ಸುರುವಿ ಹಿಡದ ಮೀನಾ ಮತ್ತ ನೀರಾಗ ಯಾಕ ಬಿಡತಾರ್ರೀ? ತಿನ್ನಾಕಿಲ್ಲಾಂದ್ರ ದೋಣೀ ಯಾಕ ಬೇಕು?" ಎಂದು ಕೇಳಿದಳು. ನಾಳೆ ಹೇಳುವೆವೆಂದು ಹೇಳಿ ಆ ಹೊತ್ತನ್ನು ಕಳೆದೆವು. ನಾಳೆಯೆಂಬದು ಹಲವು ವಾರಗಳಾದವು, ಯಾಕಂದರೆ ಆ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಮೊದಲು ಆ ನೌಕೆಯ ಅಂಗಾಂಗಗಳು ಯಾತಕ್ಕೆ ಹಾಗಿವೆಯೆಂದು ನಾವೇ ತಿಳಿಯಬೇಕಾಯಿತು. ಹಾಗೆ ಓದಿ ಕೇಳಿ ತಿಳಿದದ್ದನ್ನು ಹಳೆಯ ವಿದ್ಯಾರ್ಥಿನಿಯರ ಮತ್ತು ಪಾಲಕರ ಮುಂದೆ ಇಲ್ಲಿ ಇಡುತ್ತೇವೆ. ಸಮುದ್ರವಿಲ್ಲದ ಜಿಲ್ಲೆಯವರಿಗೆ ಈ ಮಾತೇಕೆಂದು ಯಾರಾದರೂ ಕೇಳಿದರೆ, ಇಂಥ ನೌಕೆಗಳ ಪೈಕಿ ಹೆಸರಾದದ್ದೊಂದು ಸಮುದ್ರದಿಂದ ಬಹು ದೂರದ ಒಳನಾಡಿನಲ್ಲಿಯೇ ಹುಟ್ಟಿತೆಂದು ಮುಂದೆ ಹೇಳಲಿಕ್ಕಿದ್ದೇವೆ.

ಗಾಳದಿಂದ ಮೀನು ಹಿಡಿಯುವದು ಬಹು ಹಳೆಯ ಕಸಬು. ಆದರೆ ಮನುಷ್ಯನಿಗಿಂತ ಭಾರವಾದ ಕಡಲ ಮೀನನ್ನು ಕೈಯಲ್ಲಿಯ ಕೋಲು ಮತ್ತು ತೆಳ್ಳನ್ನ ದಾರದಿಂದ ಗೆಲ್ಲುವದು ಆಟವಾಗಿ ಬೆಳೆದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಗೆ. ಕ್ಯಾಲಿಫೋರ್ನಿಯದ ಎದುರಿನ ಕ್ಯಾಟಲೀನಾ ದ್ವೀಪದ ಬಳಿ 1898ರಲ್ಲಿ ಚಾರ್ಲ್ಸ್ ಫ್ರೆಡರಿಕ್ ಹೋಲ್ಡರ್ ಎಂಬವರು 183 ಪೌಂಡು ತೂಕದ ಟ್ಯೂನಾ ಮೀನನ್ನು ಹಾಗೆ ಹಿಡಿದರು. ಅದೇ ವರ್ಷ ಅಲ್ಲಿ ಟ್ಯೂನಾ ಕ್ಲಬ್ಬು ಸ್ಥಾಪಿತವಾಯಿತು. ಆಗಿನ ದೋಣಿ ಸಾಧಾರಣವಾದದ್ದು. ಗಾಳಕ್ಕೆ ಸಿಕ್ಕ ಮೀನು ದೋಣಿಯನ್ನೇ ತಾಸುಗಟ್ಟಲೆ ಎಳೆದುಕೊಂಡು ಹೋಗುವದು, ಬೇಟೆಗಾರನು ದಣಿಯುವದು, ದಾರ ಹರಿಯುವದು. ಆದದರಿಂದ ಮೀನಿನ ಆಟಕ್ಕೆ ತಕ್ಕಂತೆ ತಿರುಗುವ ದೋಣಿ ಬೇಕೆಂಬ ಯೋಚನೆ ಹುಟ್ಟಿತು. ಮುಂದಿನ ನೂರು ವರ್ಷಗಳಲ್ಲಿ ನೌಕೆಗೆ ಕೂಡಿದ ಒಂದೊಂದು ಭಾಗವೂ ಹೀಗೆ ಯಾವದೋ ಒಂದು ಸೋಲಿನಿಂದ ಕಲಿತ ಪಾಠವಾಗಿದೆ.

ನೌಕೆಯನ್ನು ನೋಡಹೋದವರು ಮೊದಲು ಅದರ ಒಳಮನೆಯ ಸೊಬಗಿಗೆ ಬೆರಗಾಗುವರು. ನಮ್ಮ ಅಭಿಪ್ರಾಯದಲ್ಲಿ ಅದನ್ನು ಹಿಂದಿನಿಂದ ನೋಡಲು ಆರಂಭಿಸಬೇಕು. ಹಿಂಭಾಗದಲ್ಲಿ ನೀರಿಗೆ ಹತ್ತಿರವಾಗಿ ತಗ್ಗಿನಲ್ಲಿರುವ ಒಂದು ಬಯಲು ಅಂಗಳವಿರುವದು. ನೌಕೆಯ ಸಾರವೆಲ್ಲ ಅಲ್ಲಿಯೇ ಇದೆ. ಮಿಕ್ಕದ್ದೆಲ್ಲ ಆ ಅಂಗಳದ ಸೇವೆಗೆ ನಿಂತದ್ದು. ಮನುಷ್ಯನೂ ಮೀನೂ ಎದುರೆದುರಾಗುವದು ಅಲ್ಲಿ. ಅದರ ಗೋಡೆ ತೊಡೆಯ ಎತ್ತರಕ್ಕಿದ್ದು, ಬಗ್ಗಿ ಮೀನಿನ ಬಾಯಿಯಿಂದ ಗಾಳ ಬಿಡಿಸಲು ಅನುಕೂಲವಾಗಿರುವದು. ತೆರೆ ಒಳಗೆ ನುಗ್ಗಿದರೆ ನೀರು ಹೊರಗೆ ಹರಿದುಹೋಗಲು ಅಂಚಿನಲ್ಲಿ ಕಿಂಡಿಗಳಿರುವವು. ಅರ್ನೆಸ್ಟ್ ಹೆಮಿಂಗ್ವೇ ಎಂಬ ಪ್ರಸಿದ್ಧ ಕಾದಂಬರಿಕಾರನು 1934ರಲ್ಲಿ ನ್ಯೂಯಾರ್ಕಿನ ವ್ಹೀಲರ್ ಕಾರಖಾನೆಯಲ್ಲಿ 38 ಅಡಿಯ 'ಪಿಲಾರ್' ಎಂಬ ದೋಣಿಯನ್ನು ಮಾಡಿಸಿಕೊಂಡಾಗ, ಹಿಂದಿನ ಗೋಡೆಯನ್ನು ತಗ್ಗಿಸಿ ಅದರ ಮೇಲೆ ಉರುಳುವ ಒಂದು ಮರದ ದಿಂಡನ್ನು ಹಾಕಿಸಿದನು. ಶಾರ್ಕುಗಳು ಬಂದು ಹಿಡಿದ ಮೀನನ್ನು ಕಚ್ಚಿ ತಿನ್ನುವ ಮೊದಲು ಅದನ್ನು ಒಳಗೆ ಎಳೆದುಕೊಳ್ಳಲು ಈ ಉಪಾಯ.

ಅಂಗಳದ ನಡುವೆ ಒಂದು ಕುರ್ಚಿ ನೆಲಕ್ಕೆ ಭದ್ರವಾಗಿ ನಟ್ಟಿರುವದು. ಅದು ಕುಂಬಾರನ ತಿಗರಿಯಂತೆ ಸುತ್ತಲೂ ತಿರುಗುವದು. ಕೂತವನ ಕಾಲು ಊರಲು ಮುಂದೊಂದು ಹಲಗೆ, ಕೋಲಿನ ಬುಡವನ್ನು ಇರಿಸಲು ಎರಡು ತೊಡೆಗಳ ನಡುವೆ ಒಂದು ಕುಳಿ, ಬೆನ್ನಿಗೆ ಸುತ್ತಿ ಕೋಲಿಗೆ ಬಿಗಿಯುವ ಪಟ್ಟಿ. ಮೀನು ಎಳೆಯುವ ಭಾರ ತೋಳಿನ ಮೇಲೆ ಬೀಳದೆ ಕಾಲು ಮತ್ತು ಬೆನ್ನಿನ ಮೇಲೆ ಬೀಳುವದು. ರಂಟೆಯ ಭಾರ ಎತ್ತಿನ ಹೆಗಲಿಗೆ ಹಂಚಿಹೋಗುವಂತೆಯೇ ಸರಿ. ಪೆರು ದೇಶದ ಕಾಬೊ ಬ್ಲಾಂಕೋ ಬಳಿ 1953ರ ಆಗಸ್ಟ 4ರಂದು ಆಲ್ಫ್ರೆಡ್ ಗ್ಲಾಸೆಲ್ ಎಂಬವರು 1,560 ಪೌಂಡಿನ, ಎಂದರೆ ಸುಮಾರು 707 ಕಿಲೋ ತೂಕದ ಕರಿ ಮಾರ್ಲಿನ್ ಎಂಬ ಈಟಿಮೂತಿಯ ಮೀನನ್ನು ಗಾಳದಿಂದ ಹಿಡಿದರು. ಇದು ಏಳೆಂಟು ಚೀಲ ಜೋಳದ ತೂಕ. ಇಂಥದನ್ನು ಬರಿಯ ತೋಳುಬಲದಿಂದ ತಡೆಯುವದು ಯಾರಿಂದಲೂ ಆಗದು.

ಈ ಭಾಗಗಳನ್ನೆಲ್ಲ ಒಂದೇ ಯೋಚನೆಯಲ್ಲಿ ಕೂಡಿಸಿದ ಕೀರ್ತಿಯನ್ನು ಫ್ಲಾರಿಡಾದ ವೆಸ್ಟ್ ಪಾಮ್ ಬೀಚಿನ ರಿಬೋವಿಚ್ ಮನೆತನಕ್ಕೆ ಕೊಡುವದು ವಾಡಿಕೆ. ಅವರು 1947ರಲ್ಲಿ ನೀರಿಗಿಳಿಸಿದ 'ಮಿಸ್ ಶೆವಿ 2' ಎಂಬ ದೋಣಿಯನ್ನು ಈಗಿನ ಎಲ್ಲ ಮೀನುಬೇಟೆಯ ನೌಕೆಗಳ ತಾಯಿಯೆಂದು ಹೇಳುತ್ತಾರೆ. ಈ ಆಟ ಗಂಡಸರದೇ ಎಂದು ತಿಳಿಯಬಾರದು. 1955ರಲ್ಲಿ ಫ್ಲಾರಿಡಾದಲ್ಲಿ ಹೆಂಗಸರು ತಮ್ಮದೇ ಆದ ಅಂತರರಾಷ್ಟ್ರೀಯ ಮೀನುಬೇಟೆಯ ಸಂಘವನ್ನು ಸ್ಥಾಪಿಸಿದಾಗ ಅದರ ಮೂಲಪುರುಷರಲ್ಲಿ, ಅಲ್ಲ, ಮೂಲಸ್ತ್ರೀಯರಲ್ಲಿ ಆ ಮನೆತನದ ಸೊಸೆಯಾದ ಕೇ ರಿಬೋವಿಚ್ ಒಬ್ಬರಾಗಿದ್ದರು.

ಇನ್ನು ನೌಕೆಯ ತಳದ ಮಾತು. ಸಪಾಟು ತಳದ ದೋಣಿ ಶಾಂತವಾದ ನೀರಿನ ಮೇಲೆ ಚೆನ್ನಾಗಿ ಓಡುವದು. ತೆರೆ ಎದ್ದರೆ ಧಡಧಡನೆ ಬಡಿದು ಕೂತವರ ಎಲುಬುಗಳನ್ನು ಅಲುಗಿಸುವದು. ಕಲ್ಲುದಾರಿಯಲ್ಲಿ ಚಕ್ಕಡಿಯಲ್ಲಿ ಕೂತು ಬಂದ ನಮ್ಮ ಹುಡುಗಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರೇಮಂಡ್ ಹಂಟ್ ಎಂಬ ಶಿಲ್ಪಿಯು ತಳವನ್ನು ಮುಂದಿನಿಂದ ಹಿಂದಿನ ವರೆಗೂ ನೇಗಿಲಿನ ಮೂತಿಯಂತೆ ಚೂಪಾಗಿ, ಎರಡೂ ಕಡೆಗೆ ಸುಮಾರು 24 ಅಂಶದ ಇಳಿಜಾರಿನಿಂದ ಮಾಡಿದನು. ಎರೆಹೊಲದ ಹೆಂಟೆಯನ್ನು ನೇಗಿಲು ಸೀಳುವಂತೆ ಇದು ತೆರೆಯನ್ನು ಸೀಳುವದು. ರಿಚರ್ಡ್ ಬರ್ಟ್ರಾಮ್ ಎಂಬವರು ಇಂಥ ತಳದ 'ಮೊಪ್ಪಿ' ಎಂಬ ದೋಣಿಯನ್ನು ಕಟ್ಟಿಸಿ, 1960ರಲ್ಲಿ ಮಯಾಮಿಯಿಂದ ನಸ್ಸಾವಿಗೆ ನಡೆದ ಓಟದ ಪಂದ್ಯದಲ್ಲಿ, ಬಹಳ ಒರಟಾದ ಸಮುದ್ರದಲ್ಲಿ, ಎಲ್ಲರನ್ನೂ ಹಿಂದೆ ಹಾಕಿದರು. ಮೊಪ್ಪಿ ಎಂಬದು ಅವರ ಹೆಂಡತಿಯ ಮುದ್ದಿನ ಹೆಸರು. ಮುಂಭಾಗದ ಪಕ್ಕೆಗಳು ಮೊರದ ಅಂಚಿನಂತೆ ಮೇಲಕ್ಕೆ ಹೋಗುತ್ತ ಹೊರಗೆ ಬಾಗಿರುವವು. ಸೀಳಿದ ನೀರು ಕೂತವರ ಮುಖಕ್ಕೆ ಹಾರದೆ ಬದಿಗೆ ಚೆಲ್ಲಿಹೋಗಲು ಹೀಗೆ ಮಾಡುವರು.

ಅರುವತ್ತು ಅಡಿಯ ನೌಕೆ ತಾಸಿಗೆ 30 ನಾಟಿಗಿಂತ, ಅಂದರೆ 55 ಕಿಲೋಮೀಟರಿಗಿಂತ, ವೇಗವಾಗಿ ಹೋಗುವದು. ಆ ವೇಗಕ್ಕೆ ತಾಸಿಗೆ ನೂರಾರು ಲೀಟರ್ ಎಣ್ಣೆ ಸುಡುವದು. ಆದರೆ ಓಟಕ್ಕಿಂತ ಹೆಚ್ಚಾಗಿ ನಮ್ಮ ಮನಸ್ಸನ್ನು ಸೆಳೆದದ್ದು ಅದು ತಿರುಗುವ ರೀತಿ. ತಳದಲ್ಲಿ ಎರಡು ಯಂತ್ರಗಳು, ಎರಡು ತಿರುಪುರೆಕ್ಕೆಗಳು. ಒಂದನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ನಡಿಸಿದರೆ ಅಷ್ಟು ದೊಡ್ಡ ನೌಕೆ ನಿಂತಲ್ಲಿಯೇ ಬುಗುರಿಯಂತೆ ತಿರುಗುವದು. ಮೀನು ಯಾವ ಕಡೆ ಓಡಿದರೂ ಹಿಂದಿನ ಅಂಗಳ ಆ ಕಡೆಗೇ ಮುಖ ಮಾಡಿರುವದು. ಬೇಕಾದರೆ ನೌಕೆ ಹಿಮ್ಮೆಟ್ಟಿ ಮೀನಿನ ಬೆನ್ನು ಹತ್ತುವದು. ಅನೇಕ ಲಕ್ಷ ರೂಪಾಯಿಗಳ ಯಂತ್ರಗಳಿಂದ ಸಾಧಿಸಿದ ಈ ಒಂದು ಗುಣವನ್ನು ವಾಚಕರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಅದಕ್ಕೆ ಮತ್ತೆ ಬರುವೆವು.

ಮೈಯ ಮಾತಿಗೆ ಬಂದರೆ, ಮೊದಲು ಇವು ಮರದವೇ ಆಗಿದ್ದವು. 1960ರಲ್ಲಿ ಉತ್ತರ ಕೆರೊಲೈನಾದ ಹೈ ಪಾಯಿಂಟ್ ಎಂಬ ಊರಿನಲ್ಲಿ ವಿಲ್ಲಿಸ್ ಸ್ಲೇನ್ ಎಂಬ ವರ್ತಕರು 41 ಅಡಿಯ ನೌಕೆಯೊಂದನ್ನು ಗಾಜಿನ ನೂಲಿನಿಂದ ಮಾಡಿಸಿದರು. ಹೈ ಪಾಯಿಂಟ್ ಸಮುದ್ರದಿಂದ ನೂರಾರು ಮೈಲು ಒಳಗಿರುವ, ಮೇಜು ಕುರ್ಚಿ ಮತ್ತು ಕಾಲುಚೀಲಗಳಿಗೆ ಹೆಸರಾದ ಪಟ್ಟಣ. ಸ್ಲೇನರ ಮನೆತನದ್ದು ಕಾಲುಚೀಲ ಹೆಣೆಯುವ ವ್ಯಾಪಾರವಾದದರಿಂದ ಆ ನೌಕೆಗೆ 'ನಿಟ್ ವಿಟ್ಸ್' ಎಂದು ಹೆಣಿಗೆಯ ಮೇಲೆ ವಿನೋದದ ಹೆಸರಿಟ್ಟರು. ಇದರ ಕ್ರಮವು ಹೀಗಿದೆ. ಗಾಜನ್ನು ಕರಗಿಸಿ ಕೂದಲಿಗಿಂತ ತೆಳುವಾದ ಎಳೆಗಳನ್ನಾಗಿ ಎಳೆಯುವರು. ಆ ಎಳೆಗಳನ್ನು ಹಾಸುಹೊಕ್ಕಾಗಿ ನೇಯ್ದು ಅರಿವೆ ಮಾಡುವರು. ಅದನ್ನು ನೌಕೆಯ ಅಚ್ಚಿನೊಳಗೆ ಪದರುಪದರಾಗಿ ಹಾಸಿ ಅಂಟಿನಂಥ ರಾಳವನ್ನು ತೊಯಿಸಿ ಗಟ್ಟಿಯಾಗಲು ಬಿಡುವರು. ಎಳೆಗಳು ಎಳೆತವನ್ನು ತಡೆಯುವವು, ರಾಳವು ಅವುಗಳನ್ನು ಸರಿಯದಂತೆ ಹಿಡಿದಿರುವದು. ನವಲಗುಂದದ ಹೆಂಗಸರು ಮಗ್ಗದ ಮುಂದೆ ಕೂತು ನೇಯುವ ಜಮಖಾನೆಯನ್ನು ನೋಡಿದವರಿಗೆ, ಒಂದೊಂದು ಎಳೆ ಎಷ್ಟು ಬಲಹೀನವಾದರೂ ಬಿಗಿಯಾಗಿ ಹೊಡೆದ ನೇಯ್ಗೆ ಎಷ್ಟು ಬಾಳಿಕೆಯದೆಂಬದು ಗೊತ್ತಿದೆ. ಹೀಗೆ ಕೋಟಿಗಟ್ಟಲೆ ಬೆಲೆಯ ನೌಕೆಯೂ ಮೂಲದಲ್ಲಿ ನೇಯ್ದ ವಸ್ತುವೇ.

ಮೇಲಿನ ಭಾಗಗಳನ್ನು ಬೇಗ ಹೇಳಿ ಮುಗಿಸಬಹುದು. ನೌಕೆಯ ಮಾಳಿಗೆಯ ಮೇಲೆ ನಡಿಸುವವನ ಪೀಠವಿರುವದು. ಅಲ್ಲಿಂದ ಹಿಂದಿನ ಅಂಗಳ ಅವನ ಕಣ್ಣಿಗೆ ಪೂರ್ಣವಾಗಿ ಕಾಣುವದು. ಕೆಲವಕ್ಕೆ ಅದರ ಮೇಲೆ ಲೋಹದ ಕೊಳವೆಗಳ ಎತ್ತರವಾದ ಅಟ್ಟಣಿಗೆ. ಜೋಳದ ತೆನೆ ಕಾಯುವಾಗ ನಮ್ಮ ಹೊಲಗಳಲ್ಲಿ ಅಟ್ಟ ಹಾಕಿ ಕವಣೆ ಹಿಡಿದು ಹುಡುಗರು ನಿಲ್ಲುವರಷ್ಟೆ. ಅವರು ಹಕ್ಕಿಗಳನ್ನು ಕಾಣುವಂತೆ ಇಲ್ಲಿ ನಿಂತವನು ನೀರೊಳಗಿನ ಮೀನುಗಳ ನೆರಳನ್ನು ಕಾಣುವನು. ಎರಡೂ ಪಕ್ಕಗಳಲ್ಲಿ ಉದ್ದವಾದ ಗಳಗಳು ಹೊರಚಾಚಿರುವವು. ಗಾಳದ ದಾರಗಳನ್ನು ಇವು ದೂರದೂರವಾಗಿ ಹರಡಿ, ಒಂದಕ್ಕೊಂದು ತೊಡಕದಂತೆ ಕಾಯುವವು. ಮೀನು ಕಚ್ಚಿದ ಕೂಡಲೆ ದಾರ ಗಳದ ಚಿಮಟದಿಂದ ಕಳಚಿ ಬೇಟೆಗಾರನ ಕೋಲಿಗೆ ಬರುವದು.

ವಿಲಾಸವೆಂದು ಹೆಸರಾದ ಒಳಮನೆಯಲ್ಲಿ ನಮಗೆ ಹೇಳತಕ್ಕದ್ದು ಎರಡೇ. ಅಂಗಳದ ನೆಲಕ್ಕೆ ಸಾಗವಾನಿ ಹಲಗೆ ಹಾಸುವರು. ಅದು ಅಂದಕ್ಕೆ ಮಾತ್ರವಲ್ಲ. ಸಾಗವಾನಿಯಲ್ಲಿ ಸಹಜವಾಗಿಯೇ ಎಣ್ಣೆಯಿರುವದರಿಂದ ನೀರಿಗೆ ಕೊಳೆಯುವದಿಲ್ಲ, ತೊಯ್ದರೂ ಕಾಲು ಜಾರುವದಿಲ್ಲ. ಕಲಘಟಗಿಯ ಬಣ್ಣದ ತೊಟ್ಟಿಲನ್ನು ಮಾಡುವವರೂ ಇದೇ ಮರವನ್ನು ಆರಿಸಿಕೊಂಡದ್ದು ಅದರ ಬಾಳಿಕೆಗಾಗಿಯೇ. ಎರಡನೆಯದು ತೊಟ್ಟಿಲಿಗೆ ವಿರುದ್ಧವಾದದ್ದು. ನಿಂತ ನೌಕೆ ತೆರೆಗಳ ಮೇಲೆ ತೊಟ್ಟಿಲಿನಂತೆ ಅತ್ತಿತ್ತ ತೂಗುವದು. ಕೂಸಿಗೆ ಇದರಿಂದ ನಿದ್ದೆ ಬಂದರೆ ದೊಡ್ಡವರಿಗೆ ವಾಂತಿ ಬರುವದು. ಈ ಶತಮಾನದಲ್ಲಿ ಇದಕ್ಕೊಂದು ಉಪಾಯ ಬಳಕೆಗೆ ಬಂದಿದೆ. ಗಾಳಿ ತೆಗೆದ ಲೋಹದ ಡಬ್ಬಿಯೊಳಗೆ ಭಾರವಾದ ಚಕ್ರವೊಂದು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವದು. ವೇಗವಾಗಿ ತಿರುಗುವ ಬುಗುರಿಯನ್ನು ಬಾಗಿಸಹೋದರೆ ಅದು ಎದುರುಬೀಳುವಂತೆ ಈ ಚಕ್ರವೂ ನೌಕೆಯ ಓಲಾಟಕ್ಕೆ ಎದುರುಬೀಳುವದು.

ಈಗ ನಮ್ಮ ನಾಡಿಗೆ ಬರೋಣ. ಕೋಲಿನಿಂದ ದೊಡ್ಡ ಮೀನನ್ನು ಗೆಲ್ಲುವ ಆಟ ಕನ್ನಡನಾಡಿನ ನದಿಗಳಲ್ಲಿಯೂ ಬಹುಕಾಲ ನಡೆಯಿತು. ಅದಕ್ಕೆ ಬಳಸಿದ ನಾವೆ ಹರಿಗೋಲು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ತುಗೀಜ ಪ್ರವಾಸಿ ಡೊಮಿಂಗೊ ಪಯಸ್, ಆನೆಗೊಂದಿಯ ಕಡೆಗೆ ದಾಟಲು ಬುಟ್ಟಿಯಂಥ ದುಂಡು ದೋಣಿಗಳಿದ್ದು, ಒಳಗೆ ಬೆತ್ತ ಹೊರಗೆ ತೊಗಲು, ಹದಿನೈದಿಪ್ಪತ್ತು ಜನರನ್ನೂ ಬೇಕಾದರೆ ಕುದುರೆ ಎತ್ತುಗಳನ್ನೂ ಹೊರುವವೆಂದು ಬರೆದಿಟ್ಟಿದ್ದಾನೆ. ಅವು ನೆಟ್ಟಗೆ ಹೋಗದೆ ಸುತ್ತುತ್ತಲೇ ಹೋಗುವದು ಅವನಿಗೆ ಸೋಜಿಗವಾಗಿತ್ತು. 1800ರಲ್ಲಿ ಕುಂದಗೋಳದ ಕೋಟೆಯನ್ನು ಹಿಡಿದ ಆರ್ಥರ್ ವೆಲ್ಲೆಸ್ಲಿಯ ದಂಡು ಸಹ ದಖ್ಖಣದ ತುಂಬಿದ ಹೊಳೆಗಳನ್ನು ದಾಟಲು ಇಂಥ ಬುಟ್ಟಿದೋಣಿಗಳನ್ನೇ ನಂಬಿತ್ತು.

ಬುಟ್ಟಿ ಹೆಣೆಯುವ ರೀತಿಯಲ್ಲಿಯೇ ಹರಿಗೋಲನ್ನೂ ಹೆಣೆಯುವರು. ಸೀಳಿದ ಬಿದಿರನ್ನು ಅಡ್ಡಡ್ಡ ಹೆಣೆದು, ಅಂಚುಗಳನ್ನು ಮೇಲಕ್ಕೆ ಬಾಗಿಸಿ, ಬಾಯಿಗೆ ದಪ್ಪವಾದ ಕಟ್ಟು ಕಟ್ಟುವರು. ಮೊದಲು ಹೊರಗೆ ತೊಗಲನ್ನು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ಕಿನ ಹಾಳೆ ಹೊದಿಸಿ ಡಾಂಬರು ಬಳಿಯುವರು. ಇದೂ ನೇಯ್ಗೆ ಮತ್ತು ಅಂಟು, ಎರಡೇ. ಕಬ್ಬಿಣದ ಮೊಳೆಯೊಂದೂ ಇಲ್ಲದ ಕಾರಣ ಬಂಡೆಗೆ ತಾಗಿದರೆ ಒಡೆಯುವದಿಲ್ಲ, ಬಾಗಿ ಜಾರಿಹೋಗುವದು. ತಳ ಅಗಲವಾದದರಿಂದ ಗೇಣುದ್ದ ನೀರಿದ್ದರೂ ತೇಲುವದು. ಹೊಳೆಯ ಓಟದೊಂದಿಗೆ ಕೆಳಗೆ ಹೋದಮೇಲೆ ಅಂಬಿಗನು ಅದನ್ನು ಬೋರಲಾಗಿ ಬೆನ್ನಿಗೇರಿಸಿಕೊಂಡು ದಂಡೆಯ ಮೇಲೆ ಹಿಂದಕ್ಕೆ ನಡೆದುಬರುವನು. ಅದಕ್ಕೆ ಮುಂದು ಹಿಂದು ಎಂಬದಿಲ್ಲ. ಹೀಗಾಗಿ, ನಾವು ನೆನಪಿನಲ್ಲಿ ಇಟ್ಟುಕೊಳ್ಳಲು ಹೇಳಿದ ಆ ನಿಂತಲ್ಲಿ ತಿರುಗುವ ಗುಣ ಇದಕ್ಕೆ ಹುಟ್ಟಿನಿಂದಲೇ ಬಂದದ್ದು. ನೆಟ್ಟಗೆ ಹೋಗುವದೇ ಇದಕ್ಕೆ ಕಷ್ಟ; ಅಂಬಿಗನು ಹೋಗಬೇಕಾದ ದಿಕ್ಕಿನ ಅಂಚಿಗೆ ಕೂತು, ಹುಟ್ಟಿನಿಂದ ನೀರನ್ನು ತನ್ನತ್ತ ಎಳೆಎಳೆದು ಅದನ್ನು ಸಾಧಿಸುವನು. ವಿಲಾಸನೌಕೆಯ ಎರಡು ಯಂತ್ರಗಳ ವಿದ್ಯೆ ಇಲ್ಲಿ ಒಬ್ಬ ಮನುಷ್ಯನ ತೋಳಿನಲ್ಲಿ ಇದೆ.

ಕಾವೇರಿಯ ಮಹಸೀರ್ ಮೀನಿನ ಬೇಟೆಗೆ ಇದೇ ನಾವೆ ತಕ್ಕದ್ದಾಯಿತು. ಆ ಮೀನು ಗಾಳ ಕಚ್ಚಿದರೆ ಬಂಡೆಗಳ ನಡುವಿನ ರಭಸದ ನೀರಿಗೆ ನುಗ್ಗುವದು. ಅಲ್ಲಿಗೆ ಬೇರೆ ದೋಣಿ ಹೋಗಲಾರದು. ಈ ಆಟದ ಬಗ್ಗೆ ಹೆನ್ರಿ ಸಲಿವನ್ ಥಾಮಸ್ ಎಂಬ ಅಧಿಕಾರಿಗಳು ಬರೆದ ದೊಡ್ಡ ಇಂಗ್ಲಿಷ್ ಗ್ರಂಥ 1873ರಲ್ಲಿ ಪ್ರಕಟವಾದದ್ದು ಮಂಗಳೂರಿನ ಬಾಸೆಲ್ ಮಿಶನ್ನಿನಿಂದಲೇ ಎಂಬದು ಈ ಸಂಚಿಕೆಯ ವಾಚಕರಿಗೆ ಸಂತೋಷದ ಸಂಗತಿಯಾಗಬಹುದು. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ ಮಹಸೀರನ್ನು ಹಿಡಿದರು. ಮುಂದೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಲಿಬೋರೆಗಳಲ್ಲಿ ಬೇಟೆಯ ಬಿಡಾರಗಳಾದವು. ದೇಶದೇಶಗಳಿಂದ ಬಂದವರು ಗಾಳಕ್ಕೆ ರಾಗಿಯ ಮುದ್ದೆಯನ್ನು ಕಟ್ಟಿ, ಹರಿಗೋಲಿನಲ್ಲಿ ಕೂತು, ಹಿಡಿದ ಮೀನನ್ನು ತೂಗಿ ಬಿಡುತ್ತಿದ್ದರು.

ಯಾಕೆ ಬಿಡುತ್ತಿದ್ದರು? ಅಣ್ಣಿಗೇರಿಯ ಹುಡುಗಿಗೆ ಕೊಡಬೇಕಾದ ಉತ್ತರ ನಮಗೆ ಸಿಕ್ಕಿದ್ದು ಕಾವೇರಿಯ ದಂಡೆಯಲ್ಲಿಯೇ. ಬಿಟ್ಟವರು ಬರೆದೂ ಇಡುತ್ತಿದ್ದರು: ಎಷ್ಟು ತಾಸು ಗಾಳ ಹಾಕಿದೆವು, ಯಾವ ಜಾತಿಯ ಮೀನು ಬಂತು, ಎಷ್ಟು ತೂಕ. ಗಾಲಿಬೋರೆಯ 1998ರಿಂದ 2012ರ ವರೆಗಿನ ಅಂಥ ಲೆಕ್ಕದ ಪುಸ್ತಕಗಳನ್ನು ವಿಜ್ಞಾನಿಗಳು ಆಮೇಲೆ ಜೋಡಿಸಿ ನೋಡಿದಾಗ ಒಂದು ದುಃಖದ ಸಂಗತಿ ಹೊರಬಿತ್ತು. ಮೀನುಗಳ ಒಟ್ಟು ಸಂಖ್ಯೆ ಹೆಚ್ಚುತ್ತಿತ್ತು. ಆದರೆ ಕಾವೇರಿಯದೇ ಆದ, ಬೆನ್ನಿಗೆ ಡುಬ್ಬವಿರುವ ದೊಡ್ಡ ಮಹಸೀರ್ ಅಳಿಯುತ್ತ ಬಂದಿತ್ತು. ಹೆಚ್ಚುತ್ತಿದ್ದದ್ದು ಬೇರೆ ಕಡೆಯಲ್ಲಿ ಮರಿಮಾಡಿಸಿ ತಂದು ಹೊಳೆಗೆ ಬಿಟ್ಟ ನೀಲಿ ರೆಕ್ಕೆಯ ಜಾತಿ. ಒಳ್ಳೇದಕ್ಕೆಂದೇ ಬಿಟ್ಟ ಮರಿಗಳು ಮನೆಯವರನ್ನೇ ಹೊರಗೆ ಹಾಕಿದಂತಾಯಿತು. ಡುಬ್ಬದ ಮಹಸೀರಿಗೆ ಅಲ್ಲಿಯ ವರೆಗೆ ಶಾಸ್ತ್ರೀಯವಾದ ನಿಶ್ಚಿತ ಹೆಸರು ಕೂಡ ಇರಲಿಲ್ಲ. ಕೇರಳದ ಪಾಂಬಾರ್ ಹೊಳೆಯಲ್ಲಿ ದೊರೆತು ವರ್ಣಿತವಾಗಿದ್ದ 'ಟಾರ್ ರೆಮಾದೇವೀ' ಎಂಬ ಜಾತಿಯೇ ಇದೆಂದು 2018ರಲ್ಲಿ ತೋರಿಸಿಕೊಟ್ಟರು. ಭಾರತದ ಪ್ರಾಣಿಸರ್ವೇಕ್ಷಣ ಇಲಾಖೆಯ ವಿಜ್ಞಾನಿ ರೆಮಾ ದೇವಿಯವರ ಗೌರವಾರ್ಥವಾಗಿ ಇಟ್ಟ ಹೆಸರದು. ನದಿಯ ಅತಿ ದೊಡ್ಡ ಮೀನು ಒಬ್ಬ ವಿದ್ಯಾವಂತ ಹೆಣ್ಣುಮಗಳ ಹೆಸರನ್ನು ಹೊತ್ತಿರುವದೆಂದು ಹೇಳಿದಾಗ ನಮ್ಮ ವರ್ಗದಲ್ಲಿ ಆದ ಗದ್ದಲವನ್ನು ಪಕ್ಕದ ವರ್ಗದವರು ಬಂದು ನಿಲ್ಲಿಸಬೇಕಾಯಿತು. ಈಗ ಆ ಜಾತಿ ಅಳಿವಿನ ಅಂಚಿನಲ್ಲಿರುವವುಗಳ ಪಟ್ಟಿಯಲ್ಲಿದೆ.

ಕಾವೇರಿ ಅಭಯಾರಣ್ಯದೊಳಗೆ ಗಾಳದ ಆಟ ನಿಂತುಹೋಯಿತು. ವನ್ಯಪ್ರಾಣಿಗಳ ಕಾಯಿದೆಯ ದೃಷ್ಟಿಯಿಂದ ಅದು ಸರಿಯಾದದ್ದೇ. ಅಭಯವೆಂದು ಹೆಸರಿಟ್ಟ ಸ್ಥಳದಲ್ಲಿ ಆಟಕ್ಕಾಗಿ ಪ್ರಾಣಿಯ ಬಾಯಿಗೆ ಕೊಂಡಿ ಹಾಕುವದೇಕೆ? ಆದರೆ ಇನ್ನೊಂದು ಪಕ್ಷದವರ ಮಾತನ್ನೂ ತಳ್ಳಿಹಾಕುವಂತಿಲ್ಲ. ಬಿಡಾರಗಳಿದ್ದಾಗ ದಂಡೆಯ ಜನರಿಗೆ ಕಾವಲಿನ ಮತ್ತು ಹರಿಗೋಲು ನಡಿಸುವ ಕೆಲಸವಿತ್ತು, ಮದ್ದು ಸಿಡಿಸಿ ಮೀನು ಕೊಲ್ಲುವವರಿಗೆ ಹೆದರಿಕೆಯಿತ್ತು. ಮೀನಿನ ಲೆಕ್ಕ ಬರೆಯುವ ಕೈಗಳೂ ಇದ್ದವು. ನಮಗೆ ತೋರುವ ಮಟ್ಟಿಗೆ, ಗಾಳ ಹೋದದ್ದಕ್ಕೆ ದುಃಖಿಸಬೇಕಾಗಿಲ್ಲ. ಆ ಲೆಕ್ಕದ ಪುಸ್ತಕ ಮುಚ್ಚಿದ್ದು ನಷ್ಟವೇ ಸರಿ. ಸಮುದ್ರದ ವಿಲಾಸನೌಕೆಯವರು ಸಹ ಈಗ ಅನೇಕ ಕಡೆಗಳಲ್ಲಿ ಮೀನಿಗೆ ಗುರುತಿನ ಚೀಟಿ ಚುಚ್ಚಿ ಬಿಡುವರು. ಹೊಟ್ಟೆಗೆ ಇಳಿಯದೆ ಬಾಯಿಯ ಮೂಲೆಗೇ ಸಿಗುವಂಥ ದುಂಡನ್ನ ಗಾಳವನ್ನು ಬಳಸುವರು. ಆ ಮೀನು ಮತ್ತೊಮ್ಮೆ ಎಲ್ಲಿಯಾದರೂ ಸಿಕ್ಕರೆ ಅದು ಎಷ್ಟು ದೂರ ಈಜಿತೆಂದು ತಿಳಿಯುವದು.

ಇಷ್ಟನ್ನು ಹೇಳಿದಮೇಲೂ ಹುಡುಗಿಯರಿಗೆ ದೋಣಿಯ ಆಕಾರದ ಮಾತು ಮನದಟ್ಟಾಗಲಿಲ್ಲ. ಆದಕಾರಣ ಶಾಲೆಯ ಹಿಂದಿನ ನೀರಿನ ತೊಟ್ಟಿಗೆ ಅವರನ್ನು ಕರೆದೊಯ್ದೆವು. ಒಂದು ತೆಂಗಿನ ಕರಟವನ್ನೂ, ಉದ್ದಕ್ಕೆ ಸೀಳಿದ ಗುಲಮೊಹರದ ಒಣಕಾಯಿಯ ಹೋಳನ್ನೂ ನೀರಿನಲ್ಲಿ ಬಿಟ್ಟು ಕಡ್ಡಿಯಿಂದ ಒತ್ತಿಸಿದೆವು. ಕಾಯಿ ನೆಟ್ಟಗೆ ಆಚೆಯ ಗೋಡೆಗೆ ಹೋಯಿತು. ಕರಟ ಗಿರಿಗಿರಿ ತಿರುಗುತ್ತ ನಡುವೆಯೇ ನಿಂತಿತು. ಆಗ ಪ್ರಶ್ನೆ ಕೇಳಿದ ಅದೇ ಹುಡುಗಿ ಹರಕು ತಗಡಿನ ಚೂರೊಂದನ್ನು ಮೇಣದಿಂದ ಕರಟದ ತಳಕ್ಕೆ ರೆಕ್ಕೆಯಂತೆ ಅಂಟಿಸಿ ಬಿಟ್ಟಳು. ಈ ಸಲ ಕರಟವೂ ಬಹುಮಟ್ಟಿಗೆ ನೆಟ್ಟಗೆ ಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ ತೊಟ್ಟಿಯ ಮೂಲೆಯಲ್ಲಿ ಬಟ್ಟೆ ಒಗೆಯುವ ಕಲ್ಲು ನೀರಿನೊಳಗೆ ಎರಡು ಬೆರಳಷ್ಟೇ ಮುಳುಗಿದೆ. ಮೊದಲು ಅದರ ಮೇಲಿಂದ ಸಲೀಸಾಗಿ ತೇಲಿಹೋಗುತ್ತಿದ್ದ ಕರಟ ಈಗ ಅಲ್ಲಿಗೆ ಬಂದು, ತಗಡು ತಾಗಿ, ಸಿಕ್ಕಿಕೊಂಡು ನಿಂತಿತು.